ಹಳದಿ ಟೈಲ್ಸ್

ಇವತ್ತು ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನಲ್ಲಿ ಬಿಳಿ ಕೋಲು ಹಿಡಿದ ಹುಡುಗಿಯೊಬ್ಬಳು ನನ್ನನ್ನು ದಾಟಿ ಹೋದಳು. ಅಷ್ಟು ನೂಕುನುಗ್ಗಲಿನಲ್ಲೂ ಸರಸರ ನಡೆಯುತ್ತಿದ್ದಳು. ಕೋಲಿನ ತುದಿ ನೆಲದ ಹಳದಿ ಟೈಲ್ಸ್ ಮೇಲೆ ಟರ್ ಟರ್ ಅಂತ ಜಾರುತ್ತಿತ್ತು.

ಆಮೇಲೆ ನಾನೂ ಅದರ ಮೇಲೆ ನಿಂತು ನೋಡಿದೆ. ಚಪ್ಪಲಿ ಹಾಕಿದ್ದರೂ ಕಾಲಿಗೆ ಗೊತ್ತಾಗುತ್ತದೆ! ಉದ್ದುದ್ದ ಪಟ್ಟಿ ಇದ್ದರೆ ಹೋಗ್ತಾ ಇರು. ಗುಂಡು ಗುಂಡು ಉಬ್ಬು ಸಿಕ್ಕರೆ ನಿಲ್ಲು, ಮುಂದೆ ಮೆಟ್ಟಿಲೋ, ತಿರುವೋ, ಪ್ಲಾಟ್‌ಫಾರ್ಮಿನ ಅಂಚೋ ಇದೆ. ಅಷ್ಟೇ. ಕರೆಂಟು ಬೇಡ, ಆ್ಯಪ್ ಬೇಡ. ಹಳದಿ ಬಣ್ಣವೂ ಸುಮ್ನೆ ಅಲ್ಲ. ಮಬ್ಬಾಗಿ ಕಾಣುವವರಿಗೂ ಎದ್ದು ಕಾಣಲಿ ಅಂತ.

ಇದನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ, 1965ರಲ್ಲಿ. ಕಣ್ಣು ಮಂಜಾಗುತ್ತಿದ್ದ ಗೆಳೆಯನಿಗೋಸ್ಕರ. 1967ರಲ್ಲಿ ಒಕಯಾಮಾ ನಗರದ ಅಂಧರ ಶಾಲೆಯ ಹತ್ತಿರ ಮೊದಲ ಸಲ ರಸ್ತೆಗೆ ಹಾಕಿದರು. ಒಬ್ಬ ಗೆಳೆಯನ ಮೇಲಿನ ಕಾಳಜಿ ಬೆಂಗಳೂರಿನ ನೆಲದವರೆಗೂ ಬಂದಿದೆ. ಎಷ್ಟು ದೊಡ್ಡ ವಿಷಯ ಅಲ್ವಾ?

ಎಲ್ಲ ಹೊಸ ಐಡಿಯಾಗೂ ಸ್ಕ್ರೀನ್ ಇರಲೇಬೇಕು ಅಂತ ಈಗೀಗ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನಗಂತೂ ಈ ಟೈಲ್ಸೇ ಇಷ್ಟ.

ನಮ್ಮ ಏರಿಯಾದ ಫುಟ್‌ಪಾತಿನಲ್ಲೂ ಇವನ್ನು ಹಾಕಿದ್ದಾರೆ. ಆದರೆ ಮೇಲೆ ಸ್ಕೂಟರ್ ನಿಂತಿರುತ್ತದೆ. ನಮಗೆ ಸುತ್ತಿ ಹೋಗೋದು ಎರಡೇ ಹೆಜ್ಜೆ. ಕೋಲು ಹಿಡಿದು ಬರುವವರಿಗೆ ದಾರಿಯೇ ಕಟ್. ಸ್ನೇಹಿತರೇ, ದಯವಿಟ್ಟು ಗಾಡಿಯನ್ನು ಆ ಹಳದಿ ಪಟ್ಟಿ ಬಿಟ್ಟು ನಿಲ್ಲಿಸಿ. ಅಂಗಡಿಯವರು ಬೋರ್ಡ್ ಇಡುವಾಗಲೂ ಅಷ್ಟೇ.