ವೃದ್ಧಾಶ್ರಮದವರಿಗೆ ಪರಿಸರದ ಉಸಾಬರಿ ಎಂತಕ್ಕೆ?

"ಹಿರಿಯರನ್ನು ಚೆನ್ನಾಗಿ ನೋಡಿಕೊಂಡರೆ ಸಾಕಲ್ವಾ ಮಾರಾಯ್ರೆ, ಪರಿಸರದ ಉಸಾಬರಿ ನಿಮಗೆ ಎಂತಕ್ಕೆ?" ಮಂಗಳೂರಿನ ಹೊರವಲಯದಲ್ಲಿ ನಾನು ನೋಡಿಕೊಳ್ಳುವ ವೃದ್ಧಾಶ್ರಮಕ್ಕೆ ಬರುವವರು ಹೀಗೆ ಕೇಳುತ್ತಲೇ ಇರುತ್ತಾರೆ. ಹೆಚ್ಚಾಗಿ ಅವರು ತಂದ ಸಣ್ಣ ನೀರಿನ ಬಾಟಲಿಗಳ ಕಟ್ಟನ್ನು ನಾನು ಬೇಡ ಅಂದಾಗ ಬರುವ ಪ್ರಶ್ನೆ ಇದು.

ಬಾಟಲಿಯಿಂದಲೇ ಶುರು ಮಾಡುತ್ತೇನೆ. ಅದರ ಮುಚ್ಚಳ ತಿರುಗಿಸುವ ಶಕ್ತಿ ನಮ್ಮಲ್ಲಿ ಹಲವರ ಬೆರಳುಗಳಿಗೆ ಇಲ್ಲ. ಆಯಾ ಬಂದು ತೆಗೆದುಕೊಡಬೇಕು. ಎರಡು ಗುಟುಕು ಕುಡಿದು ಪಕ್ಕಕ್ಕಿಡುತ್ತಾರೆ. ಸಂಜೆಗೆ ಅರ್ಧ ತುಂಬಿದ ಬಾಟಲಿಗಳ ರಾಶಿ. ಹಿಡಿ ಇರುವ ಸ್ಟೀಲ್ ಲೋಟದಲ್ಲಿ ಆಗಾಗ ಬಿಸಿನೀರು ಕೊಟ್ಟರೆ ಅವರು ಜಾಸ್ತಿ ಕುಡಿಯುತ್ತಾರೆ. ನನ್ನ ಉತ್ತರ ಹೆಚ್ಚುಕಮ್ಮಿ ಇಷ್ಟೇ: ನಮ್ಮಂಥ ಕಡೆ ತುಂಬಾ ಕಸ ಹುಟ್ಟುವುದು ಆರೈಕೆಯಲ್ಲಿ ಅವಸರ ಮಾಡಿದಾಗ.

ಡೈಪರ್ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ದಿನಕ್ಕೆ ಮೂರು ಅಂತ ಹಿಡಿದರೂ ಒಬ್ಬರಿಗೆ ವರ್ಷಕ್ಕೆ ಸಾವಿರ ದಾಟುತ್ತದೆ. ಹೊರಗೆ ಪ್ಲಾಸ್ಟಿಕ್ ಪದರ, ಒಳಗೆ ನೀರು ಹೀರಿ ಉಬ್ಬುವ ಪಾಲಿಮರ್ ಪುಡಿ. ಮಣ್ಣಲ್ಲಿ ಹೂತರೆ ಕೊಳೆಯುವುದಿಲ್ಲ. ಬಚ್ಚಲ ಒಲೆಗೆ ತುರುಕಿದರೆ ಸರಿಯಾಗಿ ಉರಿಯದೆ ಕೆಟ್ಟ ಹೊಗೆ ಬರುತ್ತದೆ. 2016ರ ಘನತ್ಯಾಜ್ಯ ನಿಯಮದಲ್ಲೇ ಡೈಪರನ್ನು ಬೇರೆಯಾಗಿ ಸುತ್ತಿ ಕೊಡಬೇಕು ಎಂದಿತ್ತು. ಮೂತ್ರದ ಚೀಲ, ಕ್ಯಾಥೆಟರ್ ಕೊಳವೆ ಅದರ ಜೊತೆ ಹೋಗುವಂತಿಲ್ಲ. ಅವು ವೈದ್ಯಕೀಯ ತ್ಯಾಜ್ಯದ ಕೆಂಪು ಚೀಲಕ್ಕೆ. ಹುಣ್ಣಿಗೆ ಕಟ್ಟಿದ ಬಟ್ಟೆ ಹಳದಿಗೆ, ಸೂಜಿ ತೂತಾಗದ ಬಿಳಿ ಡಬ್ಬಕ್ಕೆ. ಇಷ್ಟನ್ನು ಬೇರೆ ಮಾಡದಿದ್ದರೆ ಪೆಟ್ಟು ತಿನ್ನುವವರು ಕಸ ಎತ್ತುವ ಕಾರ್ಮಿಕರು.

ಆದರೆ ವಿಂಗಡಿಸುವುದಕ್ಕಿಂತ ಮುಂಚಿನ ಪ್ರಶ್ನೆ ಒಂದುಂಟು. ಇವರಿಗೆಲ್ಲ ಹಗಲಲ್ಲೂ ಡೈಪರ್ ಬೇಕಾ? ನಡೆಯಲು ಆಗುವ ಅಜ್ಜಿಗೂ ಡೈಪರ್ ಹಾಕುವುದು ಎಷ್ಟೋ ಸಲ ನಮ್ಮ ಅನುಕೂಲಕ್ಕೆ. ಎರಡು ಮೂರು ಗಂಟೆಗೊಮ್ಮೆ ಹತ್ತಿರ ಹೋಗಿ "ಅಮ್ಮಾ, ಒಮ್ಮೆ ಬಾತ್‌ರೂಮಿಗೆ ಹೋಗಿ ಬರುವನಾ?" ಅಂತ ಕೇಳಿದರೆ ಅನೇಕರಿಗೆ ಹಗಲಲ್ಲಿ ಅದರ ಅಗತ್ಯ ಬೀಳುವುದಿಲ್ಲ. ಗೋಡೆಗೆ ಹಿಡಿಕೆ, ರಾತ್ರಿ ದಾರಿಗೆ ಒಂದು ಸಣ್ಣ ದೀಪ, ಬಿಚ್ಚಲು ಸುಲಭದ ನೈಟಿ ಅಥವಾ ಪಂಚೆ ಸಾಕು. ಚರ್ಮ ಕೆಂಪಾಗಿ ಸುಲಿಯುವುದು ಕಮ್ಮಿ. ಕಾಲಿಗೆ ಅಷ್ಟು ನಡಿಗೆಯೂ ಆಗುತ್ತದೆ. ಮರ್ಯಾದೆಯ ಮಾತು ಹೇಳಲೇ ಬೇಕಿಲ್ಲ.

"ಹಾಗಾದ್ರೆ ಬಟ್ಟೆಯದ್ದೇ ಬಳಸಿ" ಅನ್ನುವವರಿದ್ದಾರೆ. ಒಗೆಯುವವರು ಯಾರು? ಆಗಲೇ ಸೊಂಟ ನೋವು ಅನ್ನುತ್ತಿರುವ ಆಯಾಗಳು. ಮತ್ತೆ ನಮ್ಮ ಆಟಿ ತಿಂಗಳ ಜಡಿಮಳೆಯಲ್ಲಿ ಬಟ್ಟೆ ಒಣಗಿಸಿ ನೋಡಿ! ಅರೆ ಒಣಗಿದ ಬಟ್ಟೆ ಕಟ್ಟಿದರೆ ತುರಿ, ಫಂಗಸ್. ಹಾಗಾಗಿ ಬಟ್ಟೆಯ ಪ್ಯಾಡ್ ಬಿಸಿಲಿನ ತಿಂಗಳುಗಳಿಗೆ ಮಾತ್ರ. ಹಾಸಿಗೆ ಹಿಡಿದವರಿಗೆ ಡೈಪರ್ ಬೇಕೇ ಬೇಕು, ಅದರಲ್ಲಿ ಚೌಕಾಸಿ ಇಲ್ಲ. ಪರಿಸರದ ಹೆಸರಲ್ಲಿ ಒಬ್ಬರನ್ನು ಒದ್ದೆಯಲ್ಲಿ ಮಲಗಿಸುವುದು ನನ್ನ ಪ್ರಕಾರ ಕ್ರೌರ್ಯ.

ಇದೆಲ್ಲ ನಗರದ ದೊಡ್ಡ ಲೆಕ್ಕದಲ್ಲಿ ಎಷ್ಟು ಎನ್ನುವವರಿಗೆ 2019 ನೆನಪಿಸುತ್ತೇನೆ. ಆ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಸರದಿ ಪ್ರಕಾರ ನೀರು ಬಿಟ್ಟರು. ಆಗಸ್ಟಿನ ಮಳೆಗೆ, ನಗರದ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳ ಮೇಲೆ ಬಂತು. ಒಂದೇ ವರ್ಷದಲ್ಲಿ ಎರಡೂ. ಮಂದಾರದವರು ಮನೆ ಬಿಟ್ಟು ಹೋಗಬೇಕಾದದ್ದು ನಾವೆಲ್ಲ ಹೊರಗಿಟ್ಟ ಕಸದಿಂದ. ಅದರಲ್ಲಿ ಡೈಪರೂ ಇತ್ತು ಎನ್ನಲು ತನಿಖೆ ಬೇಕಾಗಿಲ್ಲ.

ನೀರಿಲ್ಲ ಅಂತ ಮನೆಯಲ್ಲಿ ಒಂದು ದಿನ ಸ್ನಾನ ಬಿಡಬಹುದು. ಇಲ್ಲಿ ಮೈ ಒರೆಸುವುದನ್ನು, ಒದ್ದೆಯಾದ ಹಾಸು ತೊಳೆಯುವುದನ್ನು ಬಿಡಲು ಆಗುವುದಿಲ್ಲ. ನಮ್ಮೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. 100 ಚದರ ಮೀಟರ್ ಮಾಡಿನ ಮೇಲೆ ಅದು ಸುಮಾರು ಮೂರೂವರೆ ಲಕ್ಷ ಲೀಟರ್. ಪೋಲಾದದ್ದು ಕಳೆದರೂ ಸಣ್ಣದಲ್ಲ. ಮೊದಲ ಮಳೆಯ ಕೊಳೆನೀರು ಹೊರಗೆ ಬಿಟ್ಟು, ಆಮೇಲಿನದ್ದನ್ನು ಜಲ್ಲಿ, ಮರಳಿನಲ್ಲಿ ಸೋಸಿ ಬಾವಿಗೆ ಬಿಡಬೇಕು. ಅಷ್ಟೆಲ್ಲ ನೀರು ಬೇಸಿಗೆವರೆಗೆ ಬಾವಿಯಲ್ಲೇ ನಿಲ್ಲುತ್ತದೆ ಅಂತಲ್ಲ, ಆದರೆ ಟ್ಯಾಂಕರಿಗೆ ಫೋನ್ ಮಾಡುವ ದಿನ ಮುಂದೆ ಹೋಗುತ್ತದೆ. ಸೋಲಾರ್ ಬಿಸಿನೀರು ಒಳ್ಳೆಯದೇ, ಆದರೆ ಮಳೆಗಾಲಕ್ಕೆ ಬೇರೆ ವ್ಯವಸ್ಥೆ ಇಲ್ಲದೆ ಅದನ್ನು ನಂಬಬೇಡಿ.

ಉಬ್ಬಸದ ಪಂಪ್ (ಇನ್ಹೇಲರ್) ಬಗ್ಗೆ ಕೆಲವರು ಓದಿಕೊಂಡು ಬಂದಿರುತ್ತಾರೆ. ಒತ್ತುವ ಪಂಪುಗಳಲ್ಲಿ ಸಾಮಾನ್ಯವಾಗಿ ಇರುವ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ, ನಿಜ. ಕ್ಯಾಪ್ಸೂಲಿನ ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳುವ ಪಂಪಿನಲ್ಲಿ ಅದಿಲ್ಲ. ಆದರೆ ಪುಡಿಯನ್ನು ಜೋರಾಗಿ ಎಳೆಯುವ ಉಸಿರು ಎಲ್ಲ ಅಜ್ಜಂದಿರಿಗೂ ಇರುವುದಿಲ್ಲ. ಅದನ್ನು ಡಾಕ್ಟರ್ ತೀರ್ಮಾನಿಸಲಿ.

ಇನ್ನು ದಾನದ ಊಟ. ಹುಟ್ಟುಹಬ್ಬ, ತಿಥಿ ಎಲ್ಲ ಭಾನುವಾರಕ್ಕೇ ಬೇಕು ಜನರಿಗೆ. ಒಂದೇ ಮಧ್ಯಾಹ್ನ ಎರಡು ಕಡೆಯಿಂದ ಬಿರಿಯಾನಿ, ಮೇಲೆ ಕೇಕ್. ತಿನ್ನುವವರಲ್ಲಿ ಹಲವರಿಗೆ ಶುಗರ್. ಉಳಿದದ್ದು ಥರ್ಮೋಕೋಲ್ ತಟ್ಟೆ ಸಮೇತ ಕಸಕ್ಕೆ. ಈಗ ಒಂದು ಪುಸ್ತಕ ಇಟ್ಟಿದ್ದೇವೆ. ದಿನಕ್ಕೆ ಒಬ್ಬರಿಗೇ ಅವಕಾಶ. ಸಾಮಾನು ತಂದುಕೊಡಿ, ನಮ್ಮ ಅಡುಗೆಯವರೇ ಮಾಡುತ್ತಾರೆ. ಏನು ಮಾಡಬೇಕೆಂದು ಉಣ್ಣುವವರನ್ನೇ ಕೇಳುತ್ತೇವೆ. ಬಿರಿಯಾನಿ ಬೇಕು ಅಂದವರು ಕಮ್ಮಿ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಳೆಗಾಲವಾದರೆ ಪತ್ರೊಡೆ. ಕುಚ್ಚಲಕ್ಕಿಗೆ ಗ್ಯಾಸ್ ಜಾಸ್ತಿ ಬೇಕು, ಅದಕ್ಕೆ ಥರ್ಮಲ್ ಕುಕ್ಕರ್ ಇದೆ. ಕುದಿ ಬರಿಸಿ ಮುಚ್ಚಿಟ್ಟರೆ ಬೇಯುವುದು ಅದರ ಕೆಲಸ.

ಇದಕ್ಕೆ ಬೇಸರ ಮಾಡಿಕೊಂಡು ಹೋದವರೂ ಇದ್ದಾರೆ. ಕೇಕ್ ಕತ್ತರಿಸುವ ಫೋಟೋ ಬೇಕಿತ್ತು ಅವರಿಗೆ. ಬೇರೇನು ಕೊಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಫ್ಯಾನ್. ಈ ಸೆಕೆಯಲ್ಲಿ ನಮ್ಮಲ್ಲಿ ಅದು ಹಗಲು ರಾತ್ರಿ ತಿರುಗಬೇಕು. ಹಳೆಯದು 75 ವಾಟ್ ತಿನ್ನುತ್ತದೆ, ಕಮ್ಮಿ ಕರೆಂಟಿನ ಹೊಸ ನಮೂನೆ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 20 ಗಂಟೆ ಓಡಿದರೆ ಒಂದೊಂದರಿಂದ ಹತ್ತಿರ ಹತ್ತಿರ ಒಂದು ಯೂನಿಟ್ ಉಳಿತಾಯ. ಮೆಸ್ಕಾಂ ಬಿಲ್ಲಿನಲ್ಲಿ ಉಳಿದ ದುಡ್ಡು ರಾತ್ರಿ ಪಾಳಿಗೆ ಇನ್ನೊಬ್ಬ ಆಯಾ ಇಡುವ ಖರ್ಚಿಗೆ ಸೇರುತ್ತದೆ.