ಆಷಾಢದ ಹನ್ನೊಂದು ಕಾರ್ಡು

ಹೊಲಿಗೆಯವರಿಗೆ ಆಷಾಢ ಅಂದರೆ ಉಸಿರು ಬಿಡುವ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ರಾತ್ರಿ ಹನ್ನೊಂದರವರೆಗೆ ಮಷಿನ್ ಮುಂದೆ ಕೂರುವುದೂ ಇಲ್ಲ. 2024ರ ಆಷಾಢದ ಒಂದು ಭಾನುವಾರ ಊಟ ಮುಗಿಸಿ, ಕಟಿಂಗ್ ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಎತ್ತಿಟ್ಟು, ಫೋನು ಹಿಡಿದು ಕೂತೆ. ಕೆಲಸದ ಲೆಕ್ಕ ಇಡೋಕೆ ಫೋನಿನಲ್ಲಿ ಒಂದು ದಾರಿ ಮಾಡಿಕೊಳ್ಳಲೇಬೇಕು ಅಂತ ಅವತ್ತು ಗಟ್ಟಿ ಮನಸ್ಸು ಮಾಡಿದ್ದೆ. ಅದು ನನ್ನ ಎರಡನೇ ಪ್ರಯತ್ನ.

ರಾಮನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ಮಷಿನ್, ಒಂದು ಓವರ್‌ಲಾಕ್, ಗೋಡೆಯಿಂದ ಗೋಡೆಗೆ ಒಂದು ಉದ್ದದ ರಾಡು. ಹೆಚ್ಚಾಗಿ ಬ್ಲೌಸ್ ಹೊಲಿಯುತ್ತೇನೆ. ಸೀರೆಗೆ ಫಾಲ್ಸ್, ಝಿಗ್‌ಜಾಗ್, ಕುಚ್ಚು ಕೂಡ ಮಾಡಿಕೊಡುತ್ತೇವೆ. ಹುಕ್ಸ್, ಹೆಮ್ಮಿಂಗ್ ಮಾಡೋಕೆ ಪಕ್ಕದ ಬೀದಿಯಿಂದ ಒಬ್ಬಳು ಬರುತ್ತಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಬೆರಳು ನನಗಿಂತ ಚುರುಕು.

ಹಿಂದಿನ ವರ್ಷದ ಒಂದು ರಾತ್ರಿ ನನ್ನ ಮನಸ್ಸಿನಿಂದ ಹೋಗಿರಲಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಹೋಯಿತು. ಜನ ಮಾತ್ರ ಜುಲೈನಲ್ಲೇ ಬ್ಲೌಸ್ ಪೀಸ್ ತಂದುಕೊಡೋಕೆ ಶುರು ಮಾಡಿದರು. ‘ಇನ್ನೂ ಟೈಮಿದೆ ಅಕ್ಕ, ನಿಧಾನಕ್ಕೆ ಕೊಡಿ’ ಅಂದರು. ನಾನೂ ಸರಿ ಅಂದೆ. ಎರಡು ತಿಂಗಳ ಬಟ್ಟೆ ಒಂದರ ಮೇಲೊಂದು ಬಿತ್ತು.

ಹಬ್ಬದ ಹಿಂದಿನ ರಾತ್ರಿ ಒಂಬತ್ತಕ್ಕೆ ಒಬ್ಬಳು ಹುಡುಗಿ ಬಂದಳು. ಹೊಸದಾಗಿ ಮದುವೆಯಾದವಳು, ಅತ್ತೆ ಮನೆಯಲ್ಲಿ ಮೊದಲ ಹಬ್ಬ. ಅರಿಶಿನ ಬಣ್ಣದ ರೇಷ್ಮೆ ಸೀರೆ, ಹಸಿರು ಬಾರ್ಡರ್. ಹುಡುಕಿದೆ. ಕವರು ಸಿಕ್ಕಿತು. ಒಳಗೆ ಬ್ಲೌಸ್ ಪೀಸು ಅವಳು ತಂದುಕೊಟ್ಟ ಹಾಗೆಯೇ ಇತ್ತು, ಕತ್ತರಿಯೇ ಬಿದ್ದಿರಲಿಲ್ಲ. ‘ರಾತ್ರಿ ಕೂತು ಹೊಲಿದು ಕೊಡ್ತೀನಿ ಕಣಮ್ಮ’ ಅಂದೆ. ‘ಬೇಡ ಅಕ್ಕ, ಬೆಳಗ್ಗೆ ನಾಲ್ಕಕ್ಕೇ ಏಳಬೇಕು’ ಅಂದಳು. ಬೈಯಲಿಲ್ಲ. ಕವರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋದಳು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಆಮೇಲೆ ಪುಸ್ತಕ ತೆಗೆದು ನೋಡಿದೆ. ಅವಳ ಹೆಸರಿತ್ತು, ಅಳತೆ ಇತ್ತು, ಕೊಡಬೇಕಾದ ತಾರೀಖೂ ಇತ್ತು. ಆದರೆ ಆ ಪುಟ ಹಿಂದೆ ಹೋಗಿತ್ತು. ಬಟ್ಟೆ ಯಾವತ್ತು ಬಂತು ಅಂತ ನನ್ನ ಪುಸ್ತಕ ಚೆನ್ನಾಗಿ ಹೇಳುತ್ತದೆ. ಈಗ ಅದು ಎಲ್ಲಿಗೆ ತಲುಪಿದೆ ಅನ್ನೋದನ್ನು ಅದು ಯಾವತ್ತೂ ಹೇಳಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಸಣ್ಣ ವ್ಯಾಪಾರದವರಿಗೆ ಅಂತಲೇ ಯಾರೋ ಮಾಡಿಟ್ಟ ಸಿದ್ಧ ಪುಟ ಅದರಲ್ಲಿತ್ತು. ಗಿರಾಕಿಗಳ ಪಟ್ಟಿ, ಅಳತೆಯ ಪಟ್ಟಿ, ಸಾಮಾನಿನ ದಾಸ್ತಾನು, ಬಂದ ದುಡ್ಡು, ಹೋದ ದುಡ್ಡು, ತಿಂಗಳ ಗುರಿ, ಎಲ್ಲಕ್ಕೂ ಒಂದೊಂದು ಖಾನೆ. ನೋಡೋಕೆ ಬಹಳ ಚೆನ್ನಾಗಿತ್ತು. ಆರು ವರ್ಷದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬರ ಅಳತೆಯನ್ನೇ ತುಂಬಿಸುತ್ತಾ ಹೋದೆ. ಮೂರು ರಾತ್ರಿಗೆ ಮೂವತ್ತು ಹೆಸರಾಯಿತು. ನಾಲ್ಕನೇ ರಾತ್ರಿ ಕಣ್ಣು ಉರಿಯಿತು, ಬಿಟ್ಟೆ. ಆಮೇಲೆ ಆ ಆ್ಯಪ್ ತೆರೆದಾಗೆಲ್ಲ ಖಾಲಿ ಖಾನೆಗಳೇ ಕಣ್ಣಿಗೆ ಬೀಳುತ್ತಿದ್ದವು. ನಾನು ಮಾಡದೆ ಉಳಿಸಿದ ಕೆಲಸದ ಪಟ್ಟಿ ಓದಿದ ಹಾಗಾಗುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ತೆರೆಯುವುದನ್ನೇ ನಿಲ್ಲಿಸಿದೆ. ಅಷ್ಟು ದಿನದಲ್ಲಿ ಒಂದು ಬ್ಲೌಸ್ ಕೂಡ ಅದರಿಂದ ಬೇಗ ಮುಗಿದಿರಲಿಲ್ಲ. ಹಳೆಯದನ್ನೆಲ್ಲ ತುಂಬಿಸಿದ ಮೇಲೆಯೇ ಹೊಸ ಕೆಲಸಕ್ಕೆ ಇದು ಉಪಯೋಗಕ್ಕೆ ಬರುತ್ತದೆ ಅಂತ ನಾನು ತಿಳಿದದ್ದೇ ತಪ್ಪಾಗಿತ್ತು.

ಆ ಆಷಾಢದ ಭಾನುವಾರ ನಮ್ಮ ಭಾವ ಬಂದಿದ್ದರು. ಅಕ್ಕನ ಗಂಡ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ರಾಡಿನಲ್ಲಿ ನೇತಾಡುತ್ತಿದ್ದ ಬಟ್ಟೆಗಳ ಮುಂದೆ ನಿಂತರು. ಪ್ರತಿ ಬಟ್ಟೆಗೂ ನಾನು ಒಂದು ಚೀಟಿ ಬರೆದು ಸೇಫ್ಟಿ ಪಿನ್ ಹಾಕಿರುತ್ತೇನೆ. ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ‘ಇದು ಕಾನ್‌ಬಾನ್ ಅಲ್ವೇನಮ್ಮಾ? ನಮ್ಮ ಲೈನಿನಲ್ಲಿ ಮಾಡ್ತಿದ್ದದ್ದೂ ಹೀಗೇ’ ಅಂದರು.

ಟೀ ಕುಡಿಯುತ್ತಾ ಬಿಡಿಸಿ ಹೇಳಿದರು. ಕಾನ್‌ಬಾನ್ ಅನ್ನೋದು ಜಪಾನಿ ಮಾತು, ಅಂಗಡಿಯ ಮುಂದೆ ಹಾಕುವ ಬೋರ್ಡು ಅಂತ ಅರ್ಥ. ಟೊಯೋಟಾದ ತಾಯಿಚಿ ಓನೊ ಅನ್ನುವವರು ಅಮೆರಿಕದ ಸೂಪರ್ ಮಾರ್ಕೆಟ್‌ಗಳ ರೀತಿಯಿಂದ ಈ ಯೋಚನೆ ತಂದರಂತೆ. ಅಲ್ಲಿ ಗಿರಾಕಿ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಮತ್ತೆ ಶೆಲ್ಫಿಗೆ ತುಂಬಿಸುತ್ತಾರೆ. 1950ರ ದಶಕದಲ್ಲಿ ಅದನ್ನೇ ಕಾರ್ಖಾನೆಗೆ ಹೊಂದಿಸಿದರು. ಸಾಮಾನಿನ ಡಬ್ಬದ ಜೊತೆಗೊಂದು ಕಾರ್ಡ್. ಸಾಮಾನು ಬಳಸಿದಾಗ ಕಾರ್ಡ್ ಹಿಂದಕ್ಕೆ ಹೋಗುತ್ತದೆ. ಕಾರ್ಡ್ ಬಂದರೆ ಮಾತ್ರ ಮತ್ತಷ್ಟು ಮಾಡಬೇಕು, ಸುಮ್ನೆ ಮಾಡಿ ಗುಡ್ಡೆ ಹಾಕುವ ಹಾಗಿಲ್ಲ.

ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ‘ಅಮ್ಮಾ, ಇದಕ್ಕೇ ಒಂದು ಆ್ಯಪ್ ಇದೆ, ಟ್ರೆಲ್ಲೊ ಅಂತ. ಕಾಲೇಜಿನ ಪ್ರಾಜೆಕ್ಟಿಗೆ ನಾವು ಬಳಸಿದ್ವಿ’ ಅಂದಳು. ಟ್ರೆಲ್ಲೊ 2011ರಲ್ಲಿ ನ್ಯೂಯಾರ್ಕಿನ ಫಾಗ್ ಕ್ರೀಕ್ ಅನ್ನುವ ಸಣ್ಣ ಕಂಪನಿಯಲ್ಲಿ ಹುಟ್ಟಿದ್ದು, 2017ರಲ್ಲಿ ಅಟ್ಲಾಸಿಯನ್ ಅನ್ನುವ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡುಕೊಂಡಿತು. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ನನಗೆ ಬೇಕಿದ್ದದ್ದು ಇಷ್ಟೇ: ಒಂದು ಬೋರ್ಡು, ಅದರ ಮೇಲೆ ಕೆಲವು ಪಟ್ಟಿ, ಪಟ್ಟಿಯೊಳಗೆ ಕಾರ್ಡು. ಕಾರ್ಡಿನ ಮೇಲೆ ಬೆರಳೊತ್ತಿ ಹಿಡಿದು ಎಳೆದರೆ ಪಕ್ಕದ ಪಟ್ಟಿಗೆ ಹೋಗುತ್ತದೆ. ನನ್ನ ಕೆಲಸಕ್ಕೆ ದುಡ್ಡು ಕೊಡದ ಪ್ಲಾನೇ ಸಾಕಾಯಿತು.

ಮಗಳು ಏಳು ಪಟ್ಟಿ ಮಾಡೋಕೆ ಹೊರಟಳು. ‘ಕಟಿಂಗ್, ಲೈನಿಂಗ್, ಹೊಲಿಗೆ ಎಲ್ಲ ಬೇರೆ ಬೇರೆ ಬೇಡ್ವಾ?’ ‘ಬೇಡ ಕಣೇ’ ಅಂದೆ. ಹಿಂದಿನ ಸಲದ ಕಣ್ಣುರಿ ನೆನಪಿತ್ತು. ಮೂರೇ ಸಾಕು ಅಂದೆ. ‘ಬಂದಿದೆ’, ‘ಹೊಲಿಗೆಯಲ್ಲಿ’, ‘ಕೊಟ್ಟಾಯ್ತು’.

ಇನ್ನೊಂದು ಮಾತೂ ಹೇಳಿದೆ. ಇವತ್ತು ಈ ರಾಡಿನ ಮೇಲೆ ಇರುವುದಷ್ಟೇ ಫೋನಿಗೆ ಹೋಗಬೇಕು. ಹಳೆಯ ಗಿರಾಕಿ, ಹಳೆಯ ಅಳತೆ ಯಾವುದೂ ಬೇಡ. ಎಣಿಸಿದರೆ ಹನ್ನೊಂದು ಬಟ್ಟೆ. ಒಂದೊಂದನ್ನೇ ಮೇಜಿನ ಮೇಲೆ ಹಾಸಿ ಫೋಟೋ ತೆಗೆದೆವು. ಫೋಟೋ ಹಾಕಿದರೆ ಅದೇ ಕಾರ್ಡಿನ ಮುಖದ ಮೇಲೆ ಕಾಣುತ್ತದೆ. ಹೆಸರನ್ನು ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದೆ, ಕೀಬೋರ್ಡು ಬರೆದುಕೊಂಡಿತು. ಅಳತೆ ಪುಸ್ತಕದಲ್ಲೇ ಇರಲಿ ಅಂತ ಬಿಟ್ಟೆ. ಕಾರ್ಡಿನಲ್ಲಿ ‘ಪುಟ 62’ ಅಂತ ಬರೆದರೆ ಆಯ್ತಲ್ವಾ? ಕೊಡುವ ದಿನ ಹಾಕಿದೆವು. ಮುಕ್ಕಾಲು ಗಂಟೆಯೊಳಗೆ ಹನ್ನೊಂದೂ ಕಾರ್ಡು ಆಗಿ ಹೋಯಿತು. ತುಂಬಿಸೋಕೆ ಬಾಕಿ ಅಂತ ಒಂದೂ ಖಾನೆ ಉಳಿಯಲಿಲ್ಲ. ಆ ಸಮಾಧಾನ ದೊಡ್ಡದು. ಸಂಜೆ ದೀಪ ಹಚ್ಚಿ ಬಂದು ಮತ್ತೊಮ್ಮೆ ತೆರೆದು ನೋಡಿದೆ, ಸುಮ್ನೆ ನೋಡೋಕೆ.

ಮೊದಲ ವಾರ ಎಡವಿದೆ. ಮೂರನೇ ದಿನ ಇಬ್ಬರು ಬಟ್ಟೆ ಕೊಟ್ಟು ಹೋದರು. ಚೀಟಿ ಪಿನ್ ಮಾಡಿದೆ, ಕಾರ್ಡ್ ಮಾಡಲು ಮರೆತೆ. ರಾಡಿನಲ್ಲಿ ಹದಿಮೂರು, ಫೋನಿನಲ್ಲಿ ಹನ್ನೊಂದು. ಹೀಗಾದರೆ ಎರಡನ್ನೂ ನಂಬುವ ಹಾಗಿರುವುದಿಲ್ಲ. ಅವತ್ತಿನಿಂದ ಬೆಳಗ್ಗೆ ಮಷಿನ್ನಿಗೆ ಎಣ್ಣೆ ಬಿಡುವ ಹೊತ್ತಿಗೇ ರಾಡು ಮತ್ತು ಫೋನು ಹೊಂದಿಸಿ ನೋಡುತ್ತೇನೆ. ಎರಡು ನಿಮಿಷದ ಕೆಲಸ. ಚೀಟಿ, ಪಿನ್ನನ್ನು ಇಂದಿಗೂ ಬಿಟ್ಟಿಲ್ಲ. ಬಟ್ಟೆಯ ಜೊತೆ ಬಟ್ಟೆಯದೇ ಗುರುತು ಇರಬೇಕು ಅನ್ನೋದು ನನ್ನ ನಂಬಿಕೆ.

ಎರಡನೇ ವಾರಕ್ಕೆ ‘ಹುಕ್ಸ್-ಹೆಮ್ಮಿಂಗ್’ ಅನ್ನೋ ನಾಲ್ಕನೇ ಪಟ್ಟಿ ತಾನಾಗಿ ಬೇಕಾಯಿತು. ಹುಕ್ಸ್ ಹಾಕುವವಳಿಗೆ ‘ಇದು ಮುಗಿಯಿತಾ, ಅದು ಮುಗಿಯಿತಾ’ ಅಂತ ಕೂಗಿ ಕೇಳಿ ನನಗೂ ಸಾಕಾಗಿತ್ತು, ಅವಳಿಗೂ ಸಾಕಾಗಿತ್ತು. ಓದು ಅವಳಿಗೆ ನಿಧಾನ. ಆದರೆ ಫೋಟೋ ನೋಡಿ ಕ್ಷಣದಲ್ಲಿ ಗುರುತು ಹಿಡಿದಳು. ಈಗ ಫೋನು ಎರಡು ಮಷಿನ್ನಿನ ನಡುವೆ ನೂಲಿನ ಡಬ್ಬಕ್ಕೆ ಒರಗಿಸಿ ನಿಂತಿರುತ್ತದೆ. ‘ಅಕ್ಕ, ನೇರಳೆದು ಆಯ್ತು’ ಅನ್ನುತ್ತಾ ಅವಳೇ ಕಾರ್ಡ್ ಎಳೆಯುತ್ತಾಳೆ.

ಶ್ರಾವಣ ಬಂತು. ಗದ್ದಲವೂ ಬಂತು. ಒಂದು ದಿನ ನೋಡಿದರೆ ‘ಹೊಲಿಗೆಯಲ್ಲಿ’ ಅನ್ನೋ ಪಟ್ಟಿಯಲ್ಲಿ ಹದಿನಾಲ್ಕು ಕಾರ್ಡು. ಕೂತು ಯೋಚಿಸಿದೆ. ನನಗಿರುವುದು ಎರಡು ಕೈ, ಹದಿನಾಲ್ಕು ಹೇಗೆ ಒಟ್ಟಿಗೆ ಹೊಲಿಗೆಯಲ್ಲಿ ಇರುತ್ತವೆ? ಉತ್ತರ ನನಗೆ ಗೊತ್ತಿತ್ತು. ಯಾರಾದರೂ ಬಂದು ‘ನಂದು ಎಲ್ಲಿಗೆ ಬಂತು ಅಕ್ಕ?’ ಅಂದರೆ ‘ಕಟಿಂಗ್ ಆಗಿದೆಯಮ್ಮ’ ಅನ್ನೋಕೆ ಬೇಕು. ಅದಕ್ಕಾಗಿ ಬಂದವರ ಬಟ್ಟೆಯನ್ನೆಲ್ಲ ಕತ್ತರಿಸಿ ಇಡುತ್ತಿದ್ದೆ. ಕತ್ತರಿಸಿದ ಬಟ್ಟೆ ಬೆಳೆಯುತ್ತಿತ್ತು, ಮುಗಿದ ಬ್ಲೌಸ್ ಬೆಳೆಯುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಹಾಗೇ ಮಾಡಿದ್ದೆ. ಫೋನಿನಲ್ಲಿ ಒಂದೇ ಕಡೆ ಸಾಲಾಗಿ ನೋಡುವವರೆಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಭಾವನಿಗೆ ಫೋನ್ ಮಾಡಿ ಹೇಳಿದೆ. ‘ಆ ಪಟ್ಟಿಗೆ ಒಂದು ಮಿತಿ ಹಾಕಮ್ಮ. ಒಂದು ಹೊರಗೆ ಹೋದ ಮೇಲೆ ಇನ್ನೊಂದು ಒಳಗೆ’ ಅಂದರು. ನಾಲ್ಕು ಅಂತ ಮಾಡಿಕೊಂಡೆ. ಪಟ್ಟಿಯ ಹೆಸರನ್ನೇ ‘ಹೊಲಿಗೆಯಲ್ಲಿ - 4’ ಅಂತ ಬದಲಿಸಿದೆ. ಮೊದಲು ಕತ್ತರಿಸಿಟ್ಟಿದ್ದನ್ನೆಲ್ಲ ಮುಗಿಸಿದೆ. ಆಮೇಲೆ ನಾಲ್ಕಕ್ಕಿಂತ ಜಾಸ್ತಿ ಬಟ್ಟೆಗೆ ಒಟ್ಟಿಗೆ ಕತ್ತರಿ ಹಾಕಲಿಲ್ಲ. ಕೈ ತುರಿಸಿದರೂ ಹಾಕಲಿಲ್ಲ. ಕೊಡುವ ದಿನಕ್ಕೆ ಒಂದು ದಿನ ಇದೆ ಅಂದಾಗ ಕಾರ್ಡಿನ ತಾರೀಖು ಹಳದಿಯಾಗುತ್ತದೆ, ದಿನ ದಾಟಿದರೆ ಕೆಂಪಾಗುತ್ತದೆ. ಬೆಳಗ್ಗೆ ಹಳದಿ ಯಾವುದು ಅಂತ ನೋಡಿ ಅದನ್ನೇ ಮೊದಲು ಎತ್ತಿಕೊಂಡೆ. ಆಗಸ್ಟ್ 16ಕ್ಕೆ ಹಬ್ಬ. 15ರ ರಾತ್ರಿ ಎಂಟಕ್ಕೆ ಕೊನೆಯ ಗಿರಾಕಿ ಬ್ಲೌಸ್ ತೆಗೆದುಕೊಂಡು ಹೋದರು. ಬಹಳ ವರ್ಷದ ಮೇಲೆ ನಾನೂ ಹಬ್ಬಕ್ಕೆ ಒಬ್ಬಟ್ಟು ಮಾಡಿದೆ.

ಆ ಆ್ಯಪಿನಲ್ಲಿ ಇನ್ನೂ ಏನೇನೋ ಇದೆ. ಬಣ್ಣದ ಲೇಬಲ್, ತಾನಾಗಿ ಕೆಲಸ ಮಾಡುವ ಏರ್ಪಾಡು, ಬೇರೆ ಆ್ಯಪ್ ಜೋಡಿಸುವುದು. ಲೇಬಲ್ ಒಂದನ್ನು ಮಾತ್ರ ತೆಗೆದುಕೊಂಡೆ, ಆರಿ ವರ್ಕ್ ಅನ್ನುವ ಕಸೂತಿಗೆ ಹೊರಗೆ ಕಳಿಸಿದ ಬಟ್ಟೆಗೆ ಕಿತ್ತಳೆ ಬಣ್ಣ. ಉಳಿದದ್ದು ಹಾಗೇ ಇದೆ. ಬೇಕು ಅಂತ ಕೈ ಕೇಳಿದಾಗ ನೋಡೋಣ.

ಗೌರಿ ಹಬ್ಬಕ್ಕೆ ಹತ್ತು ದಿನ ಇರುವಾಗ ಆ ಹುಡುಗಿ ಬಂದಳು. ಅದೇ ಅರಿಶಿನ ಬಣ್ಣದ ಸೀರೆಯವಳು. ಒಂದು ವರ್ಷ ಈ ಕಡೆ ಬಂದಿರಲಿಲ್ಲ. ಮೇಜಿನ ಮೇಲೆ ಕವರಿಟ್ಟಳು. ಅದೇ ಬ್ಲೌಸ್ ಪೀಸು. ಬೇರೆ ಯಾರ ಹತ್ತಿರವೂ ಹೊಲಿಸಿರಲಿಲ್ಲ. ನನಗೆ ಮಾತೇ ಬರಲಿಲ್ಲ. ‘ಶನಿವಾರ ಸಿಗುತ್ತಾ ಅಕ್ಕ?’ ಅಂದಳು.

ನಾಲಿಗೆ ತುದಿಗೆ ‘ಸಿಗುತ್ತೆ’ ಅಂತಲೇ ಬಂತು. ಅವಳಿಗೆ ಇಲ್ಲ ಅನ್ನೋ ಮುಖ ನನಗಿರಲಿಲ್ಲ. ಆದರೂ ತಡೆದು, ಫೋನು ತೆಗೆದು ಅವಳ ಎದುರಿಗೇ ಬೋರ್ಡು ನೋಡಿದೆ. ‘ಹೊಲಿಗೆಯಲ್ಲಿ’ ನಾಲ್ಕಿತ್ತು. ‘ಬಂದಿದೆ’ಯಲ್ಲಿ ಅವಳಿಗಿಂತ ಮುಂಚಿನವರು ಆರು ಜನ ಇದ್ದರು.

‘ಶನಿವಾರ ಆಗಲ್ಲ ಕಣಮ್ಮ. ಮಂಗಳವಾರ ಕೊಡ್ತೀನಿ’ ಅಂದೆ.

ಅವಳು ಬಗ್ಗಿ ಫೋನಿನೊಳಗೆ ನೋಡಿದಳು. ‘ಹಬ್ಬ ಇರೋದು ಶುಕ್ರವಾರ ಅಲ್ವಾ, ಮಂಗಳವಾರವೇ ಬರ್ತೀನಿ ಬಿಡಿ’ ಅಂದಳು. ನಾನು ಬ್ಲೌಸ್ ಪೀಸನ್ನು ಮೇಜಿನ ಮೇಲೆ ಹಾಸಿದೆ. ಹಸಿರು ಬಾರ್ಡರಿನ ಮಡಿಕೆಯನ್ನು ಅವಳೇ ಕೈಯಿಂದ ಸರಿ ಮಾಡಿದಳು. ಫೋಟೋ ತೆಗೆದೆ.