ಅತ್ತೆಯವರ ಬೆರಳಿಗೆ ಒಗ್ಗುವ ನಲ್ಲಿ

ನಮ್ಮ ಶಿಡ್ಲಘಟ್ಟದಲ್ಲಿ ಬಚ್ಚಲಿಗೆ ನಲ್ಲಿ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ನೀರು ಕಾಯಿಸುವ ಪಾತ್ರೆಯ ತಳ ನೋಡಬೇಕು. ನಮ್ಮ ಹಂಡೆಯೊಳಗೆ ಕೈಯಾಡಿಸಿದರೆ ತಾಮ್ರ ಸಿಗುವುದಿಲ್ಲ, ಸುಣ್ಣದ ಪದರ ಸಿಗುತ್ತದೆ. ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟಾಗ ಗಡಸುತನ, ಅಂದರೆ ಕರಗಿರುವ ಸುಣ್ಣದಂಥ ಲವಣಗಳ ಪ್ರಮಾಣ, ಲೀಟರಿಗೆ 600 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐ.ಎಸ್. 10500 ಒಪ್ಪುವುದು 200. ಬೇರೆ ದಾರಿಯೇ ಇಲ್ಲವೆಂದರೆ 600ರವರೆಗೆ. ಪಾಲಾರ್, ಎರಡೂ ಪಿನಾಕಿನಿಗಳು, ಅರ್ಕಾವತಿ, ಚಿತ್ರಾವತಿ ಎಲ್ಲವೂ ನಂದಿಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟುತ್ತವೆ ಎಂದು ಇಲ್ಲಿನ ಶಾಲೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಡುತ್ತಾರೆ. ಅಷ್ಟೂ ನದಿಗಳ ತವರಿನಲ್ಲಿರುವ ನಾವು ಸಾವಿರ ಅಡಿಗಿಂತ ಕೆಳಗಿನಿಂದ ನೀರೆತ್ತಿ ಸ್ನಾನ ಮಾಡುತ್ತೇವೆ.

ನಮ್ಮದು ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಮನೆ. ಗಡಸು ನೀರಿನಲ್ಲಿ ಗೂಡು ಹದವಾಗಿ ಬೇಯುವುದಿಲ್ಲ, ನೂಲಿನ ಹೊಳಪೂ ಕುಂದುತ್ತದೆ. ಹೀಗಾಗಿ ನೀರಿನ ಗುಣದ ಬಗ್ಗೆ ನಮ್ಮತ್ತೆಯವರಿಗೆ ಯಾವ ವರದಿಯೂ ಬೇಕಿಲ್ಲ. ಸೋಪು ಉಜ್ಜಿ ನೊರೆ ಬರುವ ಬಗೆ ನೋಡಿದರೆ ಸಾಕು. ವರ್ಷಗಟ್ಟಲೆ ಬಿಸಿನೀರಿನ ಬೇಸಿನ್ನಿನಲ್ಲಿ ಗೂಡಿನ ಎಳೆ ಹುಡುಕಿದ ಅವರ ಬೆರಳುಗಳು ಈಗ ಗಂಟುಗಟ್ಟಿವೆ, ಪೂರ್ತಿ ಮಡಚುವುದಿಲ್ಲ. ಬಚ್ಚಲು ಒಡೆಸಿ ಹೊಸದಾಗಿ ಕಟ್ಟಿಸಬೇಕೆಂದು ನಾನು ಹಟ ಹಿಡಿದದ್ದೇ ಅದಕ್ಕೆ. ಹಳೆಯ ನಲ್ಲಿಗಳು ತಿರುಪಿನವು. ಒಳಗಿನ ವಾಷರ್ ಸವೆದಂತೆಲ್ಲ ಹನಿ ನಿಲ್ಲಿಸಲು ಇನ್ನಷ್ಟು ಬಿಗಿಯಬೇಕು, ಬಿಗಿದಷ್ಟೂ ವಾಷರ್ ಇನ್ನೂ ಬೇಗ ಸವೆಯುತ್ತದೆ. ನಮ್ಮ ಯಜಮಾನರು ಬಿಗಿದು ಹೋದ ನಲ್ಲಿಯನ್ನು ಬಿಡಿಸಲಾಗದೆ ಅತ್ತೆಯವರು ಒಳಗಿನಿಂದ ನನ್ನನ್ನು ಕೂಗುತ್ತಿದ್ದರು.

ಮಗಳು ಬೆಂಗಳೂರಿನಿಂದ ಮೊಬೈಲಿಗೆ ಚಿತ್ರಗಳನ್ನು ಕಳಿಸಿದಳು. ಎಲ್ಲವೂ ಕಪ್ಪು ಬಣ್ಣದ, ಹೊಳಪಿಲ್ಲದ, ಗೋಡೆಯೊಳಗೇ ಅಡಗಿರುವ ನಲ್ಲಿಗಳು. ನೋಡಲು ಚೆಂದವೇ. ಆದರೆ ನಮ್ಮ ನೀರಿನ ಒಂದೊಂದು ಹನಿಯೂ ಒಣಗಿದ ಜಾಗದಲ್ಲಿ ಬಿಳಿ ಚುಕ್ಕೆ ಬಿಡುತ್ತದೆ. ಕಪ್ಪು ನಲ್ಲಿಯ ಮೇಲೆ ಅದು ಒಂದೇ ವಾರಕ್ಕೆ ವಿಭೂತಿ ಬಳಿದಂತೆ ಕಾಣುತ್ತದೆ. ಕ್ರೋಮ್ ಲೇಪನದ ಮೇಲೂ ಕಲೆ ಕೂರುತ್ತದೆ, ಎದ್ದು ಕಾಣುವುದಿಲ್ಲ ಅಷ್ಟೆ. ನಿಂಬೆಹಣ್ಣಿನ ಸಿಪ್ಪೆಯಲ್ಲಿ ತಿಕ್ಕಿ ಕೂಡಲೇ ತೊಳೆದರೆ ಹೋಗುತ್ತದೆ. ನೆಲ ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರವೂ ಸುಳಿಯಬಾರದು. ಸುಣ್ಣದ ಜೊತೆ ಲೇಪನವನ್ನೂ ತಿನ್ನುತ್ತದೆ.

ಇನ್ನು ಒತ್ತಡದ ಮಾತು. ಅಂಗಡಿಯಲ್ಲಿ ಯಾರೂ ತಾವಾಗಿ ಇದನ್ನು ಎತ್ತುವುದಿಲ್ಲ. ನೀರಿನ ಮಟ್ಟ ನಲ್ಲಿಗಿಂತ ಹತ್ತು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. ನಮ್ಮದು ಒಂದೇ ಅಂತಸ್ತಿನ ಮನೆ, ಟ್ಯಾಂಕು ತಾರಸಿಯ ಮೇಲೆಯೇ ಕೂತಿದೆ. ಶವರಿನ ತಲೆಗೂ ಟ್ಯಾಂಕಿನ ತಳಕ್ಕೂ ಎರಡು ಮೀಟರ್ ಅಂತರ ಸಿಕ್ಕಿದರೆ ಹೆಚ್ಚು, ಅಂದರೆ 0.2 ಬಾರ್. ಅಗಲ ತಟ್ಟೆಯ ಶವರ್, ಬಿಸಿನೀರು ತಣ್ಣೀರು ಬೆರೆಸುವ ಒಂದೇ ಹಿಡಿಯ ಮಿಕ್ಸರ್, ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ಗೋಡೆಯೊಳಗಿನ ಡೈವರ್ಟರ್ ಇವೆಲ್ಲ ಬೇಡುವುದು ಅದರ ಹಲವು ಪಟ್ಟು. ಇದನ್ನು ಹೇಳಿದರೆ ಅಂಗಡಿಯವರ ಉತ್ತರ ಸಿದ್ಧವಾಗಿತ್ತು: "ಪ್ರೆಶರ್ ಪಂಪ್ ಹಾಕಿಸಿಬಿಡಿ ಮೇಡಂ." ಕರೆಂಟು ಹೋದಾಗ ಮೈಗೆ ಸೋಪು ಹಚ್ಚಿಕೊಂಡು ನಿಲ್ಲುವವರು ಅವರಲ್ಲವಲ್ಲ.

ಅತ್ತೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಹುಡುಗ ಮೊದಲು ತಂದಿಟ್ಟದ್ದು ನುಣ್ಣನೆಯ ದುಂಡು ಹಿಡಿಯ ನಲ್ಲಿ. ಅತ್ತೆಯವರು ಹಿಡಿಯನ್ನು ಹಿಡಿದರು, ಬೆರಳು ಜಾರಿತು. ಸೆರಗಿನ ತುದಿ ಸುತ್ತಿ ಮತ್ತೆ ತಿರುಗಿಸಿ ನೋಡಿದರು.

"ಸ್ನಾನಕ್ಕೆ ನಿನ್ನನ್ನೂ ಮನೆಗೆ ಕರೆದುಕೊಂಡು ಹೋಗಬೇಕೇನಪ್ಪಾ, ಇದನ್ನು ತಿರುಗಿಸುವುದಕ್ಕೆ?"

ಹುಡುಗ ನಕ್ಕು ಒಳಗಿನಿಂದ ಕಾಲು ಸುತ್ತಿಗೇ ಪೂರ್ತಿ ತೆರೆಯುವ ಉದ್ದ ಹಿಡಿಯ ನಲ್ಲಿ ತಂದ. "ಇದನ್ನು ಬರೀ ಅಂಗೈಯಲ್ಲಿ ನೂಕಿ ನೋಡಿ ಅಜ್ಜಿ." ಅತ್ತೆಯವರು ಮುಂಗೈಯಿಂದಲೇ ನೂಕಿದರು. ತೆರೆಯಿತು, ಮುಚ್ಚಿತು. ಅಲ್ಲಿಗೆ ಮುಗಿಯಿತು, ಬಣ್ಣ, ಆಕಾರ, ಕ್ಯಾಟಲಾಗು ಯಾವುದನ್ನೂ ಅವರು ಕೇಳಲಿಲ್ಲ.

ಈ ನಲ್ಲಿಯೊಳಗೆ ವಾಷರ್ ಇರುವುದಿಲ್ಲ. ಕನ್ನಡಿಯಂತೆ ನಯ ಮಾಡಿದ ಎರಡು ಸೆರಾಮಿಕ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಅಲುಗುವುದಿಲ್ಲ, ಇನ್ನೊಂದು ತಿರುಗುತ್ತದೆ. ಎರಡರ ತೂತುಗಳು ಎದುರಾದಾಗ ನೀರು ಬರುತ್ತದೆ. ಗಟ್ಟಿ ಪದಾರ್ಥ, ಸುಲಭಕ್ಕೆ ಸವೆಯುವುದಿಲ್ಲ. ಇದಕ್ಕೆ ಶತ್ರು ಮರಳು. ಬೋರ್‌ವೆಲ್ಲಿನ ನೀರಿನಲ್ಲಿ, ಟ್ಯಾಂಕರಿನ ನೀರಿನಲ್ಲಿ ಬರುವ ಒಂದು ಕಣ ಬಿಲ್ಲೆಗಳ ನಡುವೆ ಸಿಕ್ಕಿ ಗೀರಿದರೆ ಹನಿ ಶುರುವಾಗುತ್ತದೆ. ನಮ್ಮ ಪ್ಲಂಬರ್ ಅಣ್ಣ ನಲ್ಲಿ ಕೂರಿಸುವ ಮೊದಲು ಪೈಪಿನ ಬಾಯಿ ತೆರೆದು ಬಕೆಟ್ಟುಗಟ್ಟಲೆ ನೀರು ಹರಿಯಬಿಟ್ಟರು. ಪೈಪು ಕೊಯ್ದ ಪುಡಿ, ಸಿಮೆಂಟಿನ ಚೂರು, ಮರಳು ಎಲ್ಲ ಬಂತು. ಅಷ್ಟು ನೀರು ಚರಂಡಿಗೆ ಹೋಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು, ಆದರೆ ಅವರದೇ ಸರಿ. ಬಿಲ್ಲೆಗಳಿರುವ ಒಳಗಿನ ಕಾರ್ಟ್ರಿಡ್ಜ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆ ಬಿಡಿಭಾಗ ನಮ್ಮೂರಿನಲ್ಲೋ ಚಿಕ್ಕಬಳ್ಳಾಪುರದಲ್ಲೋ ಸಿಗುತ್ತದೆಯೇ ಎಂದು ಕೇಳಿಯೇ ಕಂಪನಿ ಆರಿಸಿದೆ.

ಹಿತ್ತಾಳೆಯದೋ ಸತುವಿನ ಮಿಶ್ರಲೋಹದ್ದೋ ಎಂದು ತಿಳಿಯಲು ಅಯಸ್ಕಾಂತ ಹಿಡಿದು ನೋಡಿ ಎಂದು ಬಹಳ ಜನ ಹೇಳುತ್ತಾರೆ. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಕಬ್ಬಿಣವಲ್ಲ ಎಂದಷ್ಟೇ ಗೊತ್ತಾಗುತ್ತದೆ. ಗೋಡೆಯೊಳಗೆ ಹೋಗುವ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಬೇಕು. ಲೇಪನ ತಾಗದ ಥ್ರೆಡ್ಡಿನಲ್ಲಿ ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಸತು. ತೂಕದಲ್ಲೂ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಬಿಳಿ ಪ್ಲಾಸ್ಟಿಕ್ಕಿನ ನಲ್ಲಿಗಳನ್ನು ನಾನು ಹೀಗಳೆಯುವುದಿಲ್ಲ. ಅವಕ್ಕೆ ತುಕ್ಕಿಲ್ಲ, ಕಿಲುಬಿಲ್ಲ. ಹಿತ್ತಲಿನ ತೊಟ್ಟಿಗೆ ಅದನ್ನೇ ಹಾಕಿಸಿದ್ದೇನೆ.

ಮಿಕ್ಸರ್ ಬೇಡವೆಂದೆ. ನಮ್ಮಲ್ಲಿ ಬಿಸಿನೀರು ಸೋಲಾರಿನದು, ತಣ್ಣೀರು ಟ್ಯಾಂಕಿನದು. ಎರಡರ ಒತ್ತಡ ಒಂದೇ ಇರದಿದ್ದರೆ ಜೋರಿರುವ ಕಡೆಯ ನೀರು ಇನ್ನೊಂದನ್ನು ಹಿಂದಕ್ಕೆ ನೂಕುತ್ತದೆ. ಬಕೆಟ್ಟಿನಲ್ಲಿ ಹದ ಮಾಡಿಕೊಂಡು ಚೊಂಬಿನಲ್ಲಿ ಮೀಯುವವರಿಗೆ ಬಿಸಿಗೊಂದು, ತಣ್ಣಗಿನದಕ್ಕೊಂದು ಬೇರೆ ಬೇರೆ ನಲ್ಲಿಯೇ ಲೇಸು. ಎರಡಕ್ಕೂ ಮೂತಿ ಉದ್ದದ್ದನ್ನೇ ಕೊಂಡೆ; ಗಿಡ್ಡ ಮೂತಿಯಾದರೆ ನೀರು ಬಕೆಟ್ಟಿನ ಅಂಚಿಗೆ ಬಿದ್ದು ಗೋಡೆಗೆ ಎರಚುತ್ತದೆ. ಎತ್ತರವನ್ನು ಅಳತೆಪಟ್ಟಿಯಿಂದ ಗುರುತಿಸಲಿಲ್ಲ. ಅತ್ತೆಯವರನ್ನು ಅವರ ಸ್ಟೂಲಿನ ಮೇಲೆ ಕೂರಿಸಿ, ಮುಂದೆ ಬಕೆಟ್ ಇಟ್ಟು, ಕೈ ಚಾಚಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು.

ವಾಷ್ ಬೇಸಿನ್ನಿನ ನಲ್ಲಿಗೆ ಮಾತ್ರ ಮೂತಿಯಲ್ಲಿ ಜಾಲರಿ ಇದೆ. ಸುಣ್ಣ ಕಟ್ಟಿದಾಗ ತೊಳೆಯಲು ಅದು ಕೈಯಲ್ಲೇ ಬಿಚ್ಚಲು ಬರುವಂಥದ್ದಿರಬೇಕು. ಒಳಗೆ ಹುದುಗಿದ, ವಿಶೇಷ ಕೀಲಿ ಬೇಡುವ ಜಾಲರಿ ನಮ್ಮ ಕಡೆಯ ನೀರಿಗೆ ಹೇಳಿ ಮಾಡಿಸಿದ್ದಲ್ಲ. ನೀರು ಕಾದಾಗ ಅದರಲ್ಲಿ ಕರಗಿರುವ ಬೈಕಾರ್ಬೊನೇಟ್ ಒಡೆದು ಸುಣ್ಣದ ಕಾರ್ಬೊನೇಟಾಗಿ ಕೂರುತ್ತದೆ. ಆದ್ದರಿಂದ ಎಲ್ಲಿಯೇ ಆಗಲಿ ಮೊದಲು ಕಟ್ಟಿಕೊಳ್ಳುವುದು ಬಿಸಿನೀರಿನ ದಾರಿ.

ಮಗಳಿಗೆ ಶವರ್ ಇಲ್ಲವೆಂದು ಮುನಿಸು. ಅವಳಿಗಾಗಿ ಗೋಡೆಯಲ್ಲಿ ಪಾಯಿಂಟ್ ಬಿಡಿಸಿ, ಪೈಪಿನ ಬಾಯಿಗೆ ಡಮ್ಮಿ ಮುಚ್ಚಳ ಬಿಗಿಸಿದ್ದೇವೆ. ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಟ್ಯಾಂಕು ಅಲ್ಲಿಗೆ ಹತ್ತಿದ ದಿನ ಬೇಕಾದ ಬಣ್ಣದ್ದನ್ನು ಹಾಕಿಸಿಕೊಳ್ಳಲಿ. ಒರೆಸುವ ಬಟ್ಟೆಯನ್ನು ಈಗಲೇ ಎತ್ತಿಟ್ಟಿದ್ದೇನೆ.